ಮೊನೊಪಾಡ್: ಸೈಕಲ್‌ಗೆ ಸೈ, ಮುಧೋಳ ನಾಯಿಗೆ ಬೇಡ

ವಿಜಯಪುರದ ಸೈಕಲ್ ಸವಾರರ ಫೋಟೊ ತೆಗೆಯುವ ಆಸೆಯಿದ್ದರೆ ಲೆನ್ಸ್‌ಗೆ ಹಣ ಸುರಿಯುವ ಮೊದಲು ಕ್ಯಾಮೆರಾ ಕೂರಿಸುವ ಒಂಟಿ ಕಾಲಿನ ಈ ಕೋಲು ಕೊಳ್ಳಿ. ಎರಡು ಸಾವಿರ ರೂಪಾಯಿಯೊಳಗೆ ಸಿಕ್ಕ ಅಲ್ಯೂಮಿನಿಯಂ ಮೊನೊಪಾಡನ್ನು ವರ್ಷಗಟ್ಟಲೆ ಬಳಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಚಳಿಗಾಲದ ಬೆಳಿಗ್ಗೆ ಸವಾರರು ಇಂಡಿ ರಸ್ತೆ ಹಿಡಿದು ಅಭ್ಯಾಸಕ್ಕೆ ಹೊರಟಾಗ, ಅವರ ಬಲಬದಿಯ ಅಂಚಿನಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಪಾದಗಳು ನೇರ ರಸ್ತೆಯ ಕಡೆಗೆ; ಸೊಂಟದಿಂದ ಮೇಲಷ್ಟೇ ಸವಾರ ಬರುವ ದಿಕ್ಕಿಗೆ ತಿರುಗಿರುತ್ತದೆ. ಶಟರ್ ವೇಗ, ಅಂದರೆ ಅದು ತೆರೆದಿರುವ ಹೊತ್ತು, 1/30 ಸೆಕೆಂಡ್. ಗಂಟೆಗೆ 40 ಕಿ.ಮೀ. ವೇಗದ ಸೈಕಲ್ ಅಷ್ಟರಲ್ಲಿ ಸುಮಾರು 37 ಸೆಂ.ಮೀ. ಮುಂದೆ ಹೋಗಿರುತ್ತದೆ. ಕ್ಯಾಮೆರಾ ಅದಕ್ಕೆ ಸರಿಸಮನಾಗಿ ಹೊರಳಿದರೆ ಮುಖ ಸ್ಪಷ್ಟ, ಹಿಂದಿನ ಜೋಳದ ಹೊಲ ಬರೀ ಹಸಿರು ಗೆರೆ, ಚಕ್ರದ ಕಡ್ಡಿಗಳು ಮಾಯ! 1/1000 ಇಟ್ಟರೆ ಕಡ್ಡಿಗಳನ್ನು ಎಣಿಸಬಹುದು, ಆದರೆ ಓಟವೇ ಇರುವುದಿಲ್ಲ. ಬರಿಗೈಯಲ್ಲಿ ಹೊರಳಿಸುವಾಗ ಕ್ಯಾಮೆರಾ ಮೇಲೆ ಕೆಳಗೂ ಅಲುಗುತ್ತದೆ. ಕೋಲು ತಡೆಯುವುದು ಆ ಅಲುಗಾಟವನ್ನೇ. ಗುಂಡಿ ಒತ್ತಿದ ಮೇಲೂ ಸವಾರನ ಹಿಂದೆ ತಿರುಗುತ್ತಲೇ ಇರಬೇಕು. ತಟ್ಟನೆ ನಿಂತರೆ ಚಿತ್ರ ಕಲಸಿಹೋಗುತ್ತದೆ.

ಇಷ್ಟು ಚೆಂದದ ವಸ್ತುವಿಗೆ ಎಂಥ ಕೆಟ್ಟ ಲಾಕ್ ಹಾಕಿದ್ದಾರೆ! ಕೋಲಿನ ಕೊಳವೆಗಳನ್ನು ಬೇಕಾದ ಉದ್ದಕ್ಕೆ ನಿಲ್ಲಿಸುವ ಈ ಲಾಕ್ ತಿರುಚಿ ಬಿಗಿಸುವ ಬಗೆಯದು. ನಮ್ಮ ಎರೆ ಮಣ್ಣಿನ ನುಣುಪು ದೂಳು ಒಳಹೊಕ್ಕರೆ ಹಿಡಿತವೇ ಹೋಗುತ್ತದೆ. ಹೊರಳಿಸುವ ನಡುವೆಯೇ ಕೋಲು ಬೆರಳಗಲ ಕುಸಿಯುತ್ತದೆ, ಸವಾರನ ಹೆಲ್ಮೆಟ್ ಚೌಕಟ್ಟಿನಾಚೆ ಹೋಗುತ್ತದೆ. ಮಾರಿದ ಅಂಗಡಿಯವರು ‘ಇನ್ನಷ್ಟು ಬಿಗಿ ಮಾಡಿ’ ಎಂದು ಕೈತೊಳೆದುಕೊಂಡರು. ಈಗ ಭಾನುವಾರ ಸಂಜೆ ಕೆಳಗಿನ ಕೊಳವೆಯನ್ನು ಪೂರ್ತಿ ಎಳೆದು ತೆಗೆದು, ಒಳಗಿನ ಪ್ಲಾಸ್ಟಿಕ್ ತುಂಡುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಣ ಹತ್ತಿ ಬಟ್ಟೆಯಲ್ಲಿ ಒರೆಸುತ್ತೇನೆ. ಎಣ್ಣೆ ಮಾತ್ರ ಸೋಕಿಸಬಾರದು. ಜಾರುವುದೂ ಹೆಚ್ಚು, ದೂಳು ಅಂಟುವುದೂ ಹೆಚ್ಚು. ಈ ಉಪಚಾರ ಮಾಡಿದರೆ ವಾರವಿಡೀ ಗಟ್ಟಿಯಾಗಿ ನಿಲ್ಲುತ್ತದೆ, ಸಿಟ್ಟೂ ಇಳಿಯುತ್ತದೆ.

ಮುಧೋಳ ನಾಯಿಯ ಓಟಕ್ಕೆ ಇದನ್ನು ಒಯ್ಯಬೇಡಿ. ಸೈಕಲ್‌ಗೆ ರಸ್ತೆಯೇ ದಾರಿ. ನಾಯಿ ಯಾವ ಕ್ಷಣದಲ್ಲಿ ಎತ್ತ ತಿರುಗೀತೋ ಹೇಳಲಾಗದು. ಅಲ್ಲಿ ಬರಿಗೈ, 1/1000ಕ್ಕಿಂತ ಚುರುಕು ಶಟರ್, ಬಿಡದೆ ಹಿಂಬಾಲಿಸುವ ಫೋಕಸ್ ಬೇಕು. ಕೋಲಿದ್ದರೆ ಕಾಲಿಗೇ ತೊಡರುತ್ತದೆ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಇನ್ನೂ ಕೆಲವು ನೂರು ರೂಪಾಯಿ ಹೊಂದಿಸಬಲ್ಲವರು ಸಣ್ಣ ಹಿಡಿಯನ್ನು ಮಡಚಿ ಬಿಗಿಸುವ ಲಾಕ್ (ಫ್ಲಿಪ್ ಲಾಕ್) ಇರುವ ಮಾದರಿಯನ್ನು ಕೊಳ್ಳಲಿ. ನಾನೂ ಮುಂದಿನ ಸಲ ಅದನ್ನೇ ಕೊಳ್ಳುವವನು.