ಗಾಲ್ಫ್ ಕೋರ್ಸ್‌ನ ಟೂರ್ನಮೆಂಟ್ ಪ್ಯಾಕೇಜ್: ಆಟ ಚೆನ್ನಾಗಿತ್ತು, ಕೊಟೇಶನ್ ಮಾತ್ರ ಎರಡು ಸಲ ಓದಿ

ಕಳೆದ ಫೆಬ್ರವರಿಯಲ್ಲಿ ಬೆಂಗಳೂರಿನ ಹೊರವಲಯದ ಒಂದು 18 ಹೋಲ್ ಕೋರ್ಸ್‌ನಲ್ಲಿ ನಮ್ಮ ಹಳೆ ವಿದ್ಯಾರ್ಥಿ ಬಳಗ ಒಂದು ದಿನದ ಟೂರ್ನಮೆಂಟ್ ಮಾಡಿತು. ನಾವು ಓದಿದ ಸರ್ಕಾರಿ ಪ್ರೌಢಶಾಲೆಗೆ ಶೌಚಾಲಯ ಕಟ್ಟಿಸಲು ಹಣ ಕೂಡಿಸಬೇಕಿತ್ತು. ಖರ್ಚುವೆಚ್ಚದ ಜವಾಬ್ದಾರಿ ನನ್ನದು. ಕೋರ್ಸ್‌ನವರೇ ಕೊಡುವ ಟೂರ್ನಮೆಂಟ್ ಪ್ಯಾಕೇಜ್ ತೆಗೆದುಕೊಂಡೆವು, ಅದರ ಅನುಭವ ಇಲ್ಲಿ ಬರೆಯುತ್ತಿದ್ದೇನೆ. ಕೋರ್ಸ್ ಹೆಸರು ಹಾಕುತ್ತಿಲ್ಲ. ಬೇರೆ ಎರಡು ಕಡೆಯಿಂದ ತರಿಸಿದ ಕೊಟೇಶನ್‌ಗಳಲ್ಲೂ ಹೆಚ್ಚುಕಡಿಮೆ ಇವೇ ಷರತ್ತುಗಳಿದ್ದವು, ಹಾಗಾಗಿ ಒಬ್ಬರನ್ನೇ ದೂರುವುದು ಸರಿಯಲ್ಲ.

ಮೊದಲು ಚೆನ್ನಾಗಿದ್ದದ್ದು ಹೇಳುತ್ತೇನೆ. ಗ್ರೀನ್‌ಗಳು, ಅಂದರೆ ಕಪ್ ಸುತ್ತಲಿನ ನುಣುಪು ಹುಲ್ಲಿನ ಜಾಗ, ಅಚ್ಚುಕಟ್ಟಾಗಿದ್ದವು. ಬೆಳಗ್ಗೆ ಆರಕ್ಕೇ ಹುಲ್ಲು ಕತ್ತರಿಸಿ, ಹೊಸ ಜಾಗದಲ್ಲಿ ಚೆಂಡು ಬೀಳುವ ಕಪ್ ಕೂರಿಸಿ, ಬಾವುಟ ನೆಟ್ಟಿದ್ದರು. ಶಾಟ್‌ಗನ್ ಸ್ಟಾರ್ಟ್ ಮಾಡೋಣ ಎಂದು ಸಲಹೆ ಕೊಟ್ಟದ್ದೂ ಅವರೇ. ಅಂದರೆ ಒಂದೊಂದು ಹೋಲ್‌ನಲ್ಲಿ ಒಂದೊಂದು ತಂಡ ನಿಲ್ಲುತ್ತದೆ, ಸೈರನ್ ಆದ ಕೂಡಲೇ ಎಲ್ಲರೂ ಒಟ್ಟಿಗೆ ಶುರು ಮಾಡುತ್ತಾರೆ. ನಮ್ಮದು 18 ತಂಡ. ಮೊದಲ ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗದಿಂದ) 10 ನಿಮಿಷಕ್ಕೆ ಒಂದು ತಂಡ ಬಿಟ್ಟಿದ್ದರೆ ಕೊನೆಯವರು ಹೊರಡುವ ಹೊತ್ತಿಗೇ ಮೂರು ಗಂಟೆ ಹತ್ತಿರ ಆಗುತ್ತಿತ್ತು, ಮೊದಲು ಮುಗಿಸಿದವರು ಬಹುಮಾನಕ್ಕೆ ಕಾಯದೆ ಮನೆಗೆ ಹೋಗಿರುತ್ತಿದ್ದರು. ಇಲ್ಲಿ 6:45ಕ್ಕೆ ಶುರುವಾಗಿ 12 ಗಂಟೆಗೆಲ್ಲ ಎಲ್ಲರೂ ಊಟದ ಹಾಲ್‌ನಲ್ಲಿದ್ದರು. ಪ್ರಾಯೋಜಕರು ಮಾತಾಡುವಾಗ ಕುರ್ಚಿಗಳು ತುಂಬಿದ್ದವು. ಹಣ ಕೊಟ್ಟವರಿಗೆ ಅದು ತುಂಬಾ ಮುಖ್ಯ ಅಲ್ವಾ?

ಸ್ಕೋರಿಂಗ್‌ಗೂ ಪೂರ್ತಿ ಅಂಕ ಕೊಡುತ್ತೇನೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ಬಂದ ಮೇಲೆ ಗಾಲ್ಫ್ ಕಲಿಯಲು ಶುರು ಮಾಡಿದವರು ನಮ್ಮ ಬಳಗದಲ್ಲಿ ಸುಮಾರು ಜನ ಇದ್ದಾರೆ. ಅವರಿಗೆ ಅಧಿಕೃತ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಸ್ಕೋರ್‌ನಿಂದ ಕಳೆಯುವ ಹೊಡೆತಗಳ ರಿಯಾಯಿತಿ) ಇಲ್ಲ. ಇಪ್ಪತ್ತು ವರ್ಷ ಆಡಿದವರ ಎದುರು ಅವರನ್ನು ಸುಮ್ನೆ ನಿಲ್ಲಿಸಿದರೆ ಆಟಕ್ಕೇ ಅರ್ಥ ಇಲ್ಲ. ಟೂರ್ನಮೆಂಟ್ ಡೆಸ್ಕ್‌ನಲ್ಲಿದ್ದ ಹುಡುಗಿ ಡಬಲ್ ಪಿಯೋರಿಯಾ ಲೆಕ್ಕ ಸೂಚಿಸಿದಳು. 12 ಹೋಲ್‌ಗಳನ್ನು ಮೊದಲೇ ಗುಟ್ಟಾಗಿ ಆರಿಸಿ ಕವರ್‌ನಲ್ಲಿ ಮುಚ್ಚಿಡುತ್ತಾರೆ. ಆಟ ಮುಗಿದ ಮೇಲೆ ಆ 12ರಲ್ಲಿ ನೀವು ಹೊಡೆದದ್ದನ್ನು ಒಂದೂವರೆಯಿಂದ ಗುಣಿಸಿ, ಪಾರ್ (ಪೂರ್ತಿ ಕೋರ್ಸ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆ) ಕಳೆದು, ಉಳಿದದ್ದರಲ್ಲಿ ನೂರಕ್ಕೆ 80 ಭಾಗ ನಿಮ್ಮ ಆ ದಿನದ ಹ್ಯಾಂಡಿಕ್ಯಾಪ್. ಆ ಹನ್ನೆರಡರಲ್ಲಿ 70 ಹೊಡೆದಿದ್ದರೆ 105 ಆಗುತ್ತದೆ, ಪಾರ್ 72 ಕಳೆದರೆ 33, ಅದರ 80 ಭಾಗ 26.4. ಯಾವ ಹೋಲ್ ಲೆಕ್ಕಕ್ಕೆ ಬರುತ್ತದೆಂದು ಆಡುವವರಿಗೆ ಗೊತ್ತಿಲ್ಲವಾದ್ದರಿಂದ ಬೇಕೆಂದೇ ಕೆಟ್ಟದಾಗಿ ಆಡಲು ದಾರಿಯಿಲ್ಲ. ಯಾರೂ ತಕರಾರು ಮಾಡಲಿಲ್ಲ.

ಇನ್ನು ದುಡ್ಡಿನ ಮಾತು. ಕೊಟೇಶನ್‌ನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ತಲೆಗೆ 4,500 ರೂಪಾಯಿ ಎಂದಿತ್ತು. ಗ್ರೀನ್ ಫೀ, ತಿಂಡಿ, ಊಟ, ಸ್ಕೋರಿಂಗ್ ಎಲ್ಲ ಸೇರಿ. ನಾವು ಅದನ್ನೇ ನಂಬಿ ಪ್ರವೇಶ ಶುಲ್ಕ 6,000 ಇಟ್ಟೆವು. ಟೀ ಶರ್ಟ್‌ಗೆ 450 ಹೋದರೂ ತಲೆಗೆ ಸಾವಿರ ರೂಪಾಯಿ ಶಾಲೆಗೆ ಉಳಿಯುತ್ತದೆ ಎಂದುಕೊಂಡಿದ್ದೆ. ಜಿಎಸ್‌ಟಿ 18% ಬೇರೆ ಎಂದು ಎರಡನೇ ಪುಟದಲ್ಲಿತ್ತು, ಅಲ್ಲಿಗೆ 5,310. ಆಟಗಾರರ ಬ್ಯಾಗ್ ಹೊರುವ ಕ್ಯಾಡಿಗೆ ತಲಾ 700, ಅದು ಪ್ಯಾಕೇಜ್‌ನಲ್ಲೇ ಇಲ್ಲ. ಒಟ್ಟು 6,010. ಅಂದರೆ ಟೀ ಶರ್ಟ್ ಕೊಡುವ ಮೊದಲೇ ಪ್ರತಿ ಆಟಗಾರನ ಮೇಲೆ ಹತ್ತು ರೂಪಾಯಿ ಕೈಯಿಂದ ಹೋಗುತ್ತಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಮಿನಿಮಮ್ ಗ್ಯಾರಂಟಿ. ಎಷ್ಟೇ ಜನ ಬರಲಿ, 80 ಜನರ ಹಣ ಕಟ್ಟಲೇಬೇಕು. 84 ಜನ ಹೆಸರು ಕೊಟ್ಟಿದ್ದರು, ಧೈರ್ಯವಾಗಿ ಸಹಿ ಹಾಕಿದೆವು. ಆ ಬೆಳಗ್ಗೆ ಬಂದದ್ದು 71. ಶುಕ್ರವಾರ ಇಟ್ಟರೆ ಶನಿವಾರಕ್ಕಿಂತ ದರ ಕಡಿಮೆ ಎಂದು ಶುಕ್ರವಾರ ಇಟ್ಟಿದ್ದೆವು, ಕೆಲವರಿಗೆ ರಜೆ ಸಿಗಲಿಲ್ಲ. ಹೆಸರು ಕೊಟ್ಟವರಿಂದ ಮುಂಗಡ ತೆಗೆದುಕೊಳ್ಳದೆ ಇದ್ದದ್ದು ನಮ್ಮದೇ ತಪ್ಪು. 80ಕ್ಕೆ ಕಡಿಮೆ ಬಿದ್ದ ಒಂಬತ್ತು ಜನರಿಗಾಗಿ 47,790 ರೂಪಾಯಿ ಕಟ್ಟಿದೆವು. 71 ಜನರಿಂದ ಬಂದ ಶುಲ್ಕ 4,26,000. ಕೋರ್ಸ್ ಬಿಲ್ 4,24,800. ಆ ಎರಡು ಅಂಕಿ ಅಕ್ಕಪಕ್ಕ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಶಾಲೆಗೆ ಏನಾದರೂ ಉಳಿದಿದ್ದರೆ ಅದು ಪ್ರಾಯೋಜಕರಿಂದ. ಮುಖ್ಯ ಪ್ರಾಯೋಜಕರು 2 ಲಕ್ಷ ಕೊಟ್ಟರು. ಹೋಲ್‌ಗೆ 15,000ದಂತೆ ಬೋರ್ಡ್ ಹಾಕಿಸುತ್ತೇವೆ ಎಂದು ಅಂಗಡಿ, ಕ್ಲಿನಿಕ್, ಆಡಿಟರ್ ಆಫೀಸು ಎಲ್ಲ ಸುತ್ತಿ 13 ಹೋಲ್ ಕೊಡಿಸಿದೆವು, 1,95,000. ಒಬ್ಬ ಕಾರ್ ಡೀಲರ್ ಪಾರ್ 3 ಹೋಲ್ ಪಕ್ಕ ಹೊಸ ಕಾರು ನಿಲ್ಲಿಸಿದರು, ಹೋಲ್ ಇನ್ ಒನ್ ಹೊಡೆದವರಿಗೆ, ಅಂದರೆ ಒಂದೇ ಹೊಡೆತಕ್ಕೆ ಚೆಂಡು ಒಳಗೆ ಹಾಕಿದವರಿಗೆ, ಅದೇ ಬಹುಮಾನ. ಯಾರಾದರೂ ನಿಜಕ್ಕೂ ಹೊಡೆದರೆ ಗತಿಯೇನು ಎಂದು 22,000 ಕೊಟ್ಟು ವಿಮೆ ಮಾಡಿಸಿದ್ದೆವು. ವಿಮೆಯವರು ಆ ಹೋಲ್ ಎಷ್ಟು ಗಜ, ಎಷ್ಟು ಜನ ಆಡುತ್ತಾರೆ, ಕಣ್ಣಾರೆ ನೋಡಲು ಯಾರಿರುತ್ತಾರೆ ಎಂದೆಲ್ಲ ಕೇಳುತ್ತಾರೆ, ಇವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಗೆದ್ದವರಿಗೆ ನಗದು ಕೊಡುವ ಯೋಚನೆ ಬೇಡವೇ ಬೇಡ. ಹ್ಯಾಂಡಿಕ್ಯಾಪ್ ಸ್ಪರ್ಧೆಯಲ್ಲಿ ಅಮೆಚೂರ್ (ಹವ್ಯಾಸಿ) ಆಟಗಾರರು ನಗದು ತೆಗೆದುಕೊಳ್ಳುವ ಹಾಗಿಲ್ಲ. ಬಹುಮಾನ, ಬೋರ್ಡು, ಫೋಟೋ, ಮೈಕು ಎಲ್ಲ ಕಳೆದು ಕೊನೆಗೆ ಉಳಿದದ್ದು 1,92,540 ರೂಪಾಯಿ. ನಾವು ಶಾಲೆಗೆ ಹೇಳಿದ್ದು 3 ಲಕ್ಷ.

ಆದರೆ ನನಗೆ ಬೇಜಾರಾದದ್ದು ಹಣದ ವಿಷಯಕ್ಕಲ್ಲ. ಬೆಳಗ್ಗೆ 5:45ಕ್ಕೆ ನಾನು ಹೋದಾಗ ಕ್ಯಾಡಿಗಳು ಆಗಲೇ ಬಂದು ಗೇಟಿನ ಹತ್ತಿರ ಮರದ ಕೆಳಗೆ ಸಾಲಾಗಿ ನಿಂತಿದ್ದರು. ಹೆಗಲ ಮೇಲೆ ಟವೆಲ್, ಕಾಲಲ್ಲಿ ಒದ್ದೆ ಶೂ. ಕ್ಯಾಡಿ ಮಾಸ್ಟರ್ ರಿಜಿಸ್ಟರ್ ಹಿಡಿದು ಒಬ್ಬೊಬ್ಬರ ಹೆಸರು ಕರೆಯುತ್ತಿದ್ದರು. ಇಪ್ಪತ್ತು ಹೆಜ್ಜೆ ಆಚೆ ಆಟಗಾರರಿಗೆ ಬಿಸಿ ಬಿಸಿ ದೋಸೆ ಹುಯ್ಯುತ್ತಿದ್ದರು. ಇವರಿಗೆ ತಿಂಡಿ ಎಲ್ಲಿ ಎಂದು ಕೇಳಿದೆ. "ಪ್ಯಾಕೇಜಲ್ಲಿ ಇಲ್ಲ ಸರ್" ಎಂದರು ಕೌಂಟರ್‌ನಲ್ಲಿದ್ದವರು. ಐದು ಗಂಟೆಗೂ ಜಾಸ್ತಿ ಹೊತ್ತು ಬ್ಯಾಗ್ ಹೊತ್ತು ನಡೆಯುವವರು ಖಾಲಿ ಹೊಟ್ಟೆಯಲ್ಲಿ! ನಮ್ಮ ಗೆಳೆಯ ಒಬ್ಬ ಆ ಕ್ಷಣವೇ ಕಾರು ತೆಗೆದು ಹೆದ್ದಾರಿ ಪಕ್ಕದ ದರ್ಶಿನಿಗೆ ಓಡಿದ. 71 ಇಡ್ಲಿ ವಡೆ ಪಾರ್ಸೆಲ್, ತಲಾ 60 ರೂಪಾಯಿ. ಸೈರನ್‌ಗೆ ಹತ್ತು ನಿಮಿಷ ಇರುವಾಗ ಬಂತು, ಎಷ್ಟೋ ಜನ ಒಂದು ಕೈಯಲ್ಲಿ ಬ್ಯಾಗ್ ಹಿಡಿದು ನಿಂತೇ ತಿಂದರು.

ನನ್ನ ಜೊತೆ ಬಂದ ಕ್ಯಾಡಿಗೆ ಐವತ್ತು ದಾಟಿರಬೇಕು. ಏಳನೇ ಗ್ರೀನ್‌ನಲ್ಲಿ ನಾನು ನೇರವಾಗಿ ಹೊಡೆಯಲು ಹೋದೆ. ಅವರು ಕುಕ್ಕರಗಾಲಲ್ಲಿ ಕೂತು ಹುಲ್ಲು ನೋಡಿ, "ಎರಡು ಕಪ್ ಎಡಕ್ಕೆ ಕೊಡಿ ಸರ್, ಮೆಲ್ಲಗೆ ತಟ್ಟಿ, ಅದೇ ಇಳಿಯತ್ತೆ" ಎಂದರು. ಚೆಂಡು ಹಾಗೇ ತಿರುಗಿ ಒಳಗೆ ಬಿತ್ತು. ಚಿನ್ನಸ್ವಾಮಿ ಮುನಿಯಪ್ಪ ಇದೇ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು, 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಈ ಆಟ ಕ್ಯಾಡಿಗಳಷ್ಟು ಬಲ್ಲವರು ಯಾರಿದ್ದಾರೆ? ಅವರ ತಿಂಡಿಗೆ ಒಂದು ಸಾಲು ಬಜೆಟ್‌ನಲ್ಲಿ ಇಲ್ಲದೆ ಹೋದದ್ದಕ್ಕೆ ಕೋರ್ಸ್‌ನವರ ಮೇಲೆ ಎಷ್ಟು ಸಿಟ್ಟೋ ನನ್ನ ಮೇಲೂ ಅಷ್ಟೇ ಸಿಟ್ಟು ಬಂತು.

5ರಲ್ಲಿ 3.5 ಕೊಡುತ್ತೇನೆ. ಅಂಕ ಕಳೆದದ್ದು ಕೊಟೇಶನ್‌ಗೆ ಮತ್ತು ತಿಂಡಿಗೆ, ಕೋರ್ಸ್‌ಗಲ್ಲ. ಮುಂದಿನ ಫೆಬ್ರವರಿಗೂ ಅಲ್ಲೇ ಮಾಡುತ್ತಿದ್ದೇವೆ. ಕೂತು ಮಾತಾಡಿದ ಮೇಲೆ ಗ್ಯಾರಂಟಿ 64ಕ್ಕೆ ಇಳಿಸಿದ್ದಾರೆ, ಅಂತಿಮ ಸಂಖ್ಯೆ ಏಳು ದಿನ ಮೊದಲು ಹೇಳಿದರೆ ಸಾಕು, ದರದಲ್ಲಿ ಜಿಎಸ್‌ಟಿ, ಕ್ಯಾಡಿ ಶುಲ್ಕ, ಕ್ಯಾಡಿಗಳ ತಿಂಡಿ ಮೂರೂ ಸೇರಿಸಿ ಒಂದೇ ಅಂಕಿ ಬರೆದು ಕೊಟ್ಟಿದ್ದಾರೆ. ಪ್ರವೇಶ ಶುಲ್ಕ 7,500 ಮಾಡಿದ್ದೇವೆ, ಪೂರ್ತಿ ಮುಂಗಡ. ಕ್ಯಾಡಿ ಮಾಸ್ಟರ್‌ಗೂ ಫೋನ್ ಮಾಡಿ ಹೇಳಿದೆ, ಈ ಸಲ ತಿಂಡಿ ಐದೂವರೆಗೇ ಬರತ್ತೆ ಅಂತ.