ಗಲ್ಲು ಶಿಕ್ಷೆಯ ಕೈದಿಗೆ ಉಚಿತ ಕಾನೂನು ನೆರವು: ಸೇವೆ ಹೇಗಿದೆ?

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಪಡೆಯಲು ಕೈದಿ ಬಡತನ ಸಾಬೀತು ಮಾಡಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವುದೇ ಅರ್ಹತೆ. ಮನೆಯವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು, ಇಲ್ಲವೇ ಕೈದಿಯೇ ಜೈಲು ಸೂಪರಿಂಟೆಂಡೆಂಟ್ ಮೂಲಕ ಅರ್ಜಿ ಕೊಡಬಹುದು. ಇಲ್ಲಿಯವರೆಗೆ ಐದಕ್ಕೆ ನಾಲ್ಕು ಅಂಕ.

ತೊಡಕು ಶುರುವಾಗುವುದು ಆಮೇಲೆ. ಸೆಷನ್ಸ್ ಕೋರ್ಟಿಗೊಬ್ಬರು, ಹೈಕೋರ್ಟಿಗೊಬ್ಬರು, ಸುಪ್ರೀಂ ಕೋರ್ಟಿಗೆ ಮತ್ತೊಬ್ಬರು ವಕೀಲರು. ಕೈದಿಯ ಮುಖ ನೋಡದೆಯೇ ವಾದ ಮುಗಿದುಹೋಗಬಹುದು. "ನನ್ನ ಕೇಸ್ ಈಗ ಎಲ್ಲಿದೆ ಸಾರ್?" ಎಂಬ ಪ್ರಶ್ನೆಗೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಟ್ಟರೆ ಸಾಕು: ಯಾವ ಕೋರ್ಟು, ಮುಂದಿನ ತಾರೀಖು, ವಕೀಲರ ಹೆಸರು, ನಂಬರು. ಇಷ್ಟಕ್ಕೆ ದುಡ್ಡೇನೂ ಬೇಕಿಲ್ಲ.

ಸೇವೆ ಅತಿ ಹೆಚ್ಚು ಸೋರುವುದು ಶಿಕ್ಷೆಯ ಪ್ರಮಾಣದ ವಾದದಲ್ಲಿ, ಅಂದರೆ ಗಲ್ಲೋ ಜೀವಾವಧಿಯೋ ಎಂಬ ವಾದದಲ್ಲಿ. ಸುಪ್ರೀಂ ಕೋರ್ಟಿನ 2022ರ ಮನೋಜ್ ಪ್ರಕರಣದ ತೀರ್ಪಿನಂತೆ ಪ್ರೊಬೇಷನ್ ಅಧಿಕಾರಿಯ ವರದಿ, ಜೈಲಿನ ನಡತೆ ವರದಿ, ಮನೋವೈದ್ಯರ ವರದಿ ತರಿಸಬೇಕು. "ನಡತೆ ತೃಪ್ತಿಕರ" ಎಂಬ ಒಂದೇ ಸಾಲು ಬಂದರೆ ಒಪ್ಪಬೇಡಿ. ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದು, ತಲೆಗೆ ಪೆಟ್ಟಾಗಿತ್ತೇ, ಒಳಗೆ ಓದು ಬರಹ ಕಲಿತದ್ದುಂಟೇ? ಶಾಲೆಯ ದಾಖಲಾತಿ, ಆಸ್ಪತ್ರೆ ಚೀಟಿ ಸಮೇತ ಕೇಳಿ. ತಾಯಂದಿರು ಮನೆಯ ಗುಟ್ಟನ್ನು ಮೊದಲ ಭೇಟಿಯಲ್ಲೇ ಬಿಚ್ಚುವುದಿಲ್ಲ, ಮೂರು ನಾಲ್ಕು ಸಲ ಹೋಗಬೇಕು. ಅದು ವಕೀಲರ ಕೈಲಾಗುವ ಕೆಲಸವಲ್ಲ. ಸಮಾಜಕಾರ್ಯ ಓದಿದವರನ್ನು ಒಳಗೆ ಬಿಡಲು ಕೋರ್ಟಿನ ಅನುಮತಿ ಕೇಳಿ.

ಕ್ಷಮಾದಾನಕ್ಕೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 472ನೇ ಸೆಕ್ಷನ್. ಮೇಲ್ಮನವಿ ವಜಾ ಆಯಿತೆಂದು ಸೂಪರಿಂಟೆಂಡೆಂಟ್ ತಿಳಿಸಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ರಾಜ್ಯಪಾಲರು ತಿರಸ್ಕರಿಸಿದರೆ ರಾಷ್ಟ್ರಪತಿಗೆ 60 ದಿನದೊಳಗೆ. ಬಾಯಿಮಾತಲ್ಲಿ ತಿಳಿಸಿದರೆ ದಿನದ ಲೆಕ್ಕವೇ ತಪ್ಪುತ್ತದೆ. ತಾರೀಖು ಹಾಕಿದ ಪ್ರತಿ ಇಸ್ಕೊಳ್ಳಿ.

2013ರ ಫೆಬ್ರವರಿ 9ರಂದು ತಿಹಾರ್‌ನಲ್ಲಿ ಸಂಸತ್ ದಾಳಿ ಪ್ರಕರಣದ ಅಫ್ಜಲ್ ಗುರುವನ್ನು ಗಲ್ಲಿಗೇರಿಸಿದ ಸುದ್ದಿಯ ಸ್ಪೀಡ್ ಪೋಸ್ಟ್ ಮನೆಗೆ ತಲುಪಿದ್ದು ಎರಡು ದಿನದ ಮೇಲೆ. ಮರುವರ್ಷ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಶತ್ರುಘ್ನ ಚೌಹಾಣ್ ತೀರ್ಪು ಬಂತು: ಕ್ಷಮಾದಾನ ಅರ್ಜಿ ತಿರಸ್ಕಾರ ತಿಳಿಸಿದ ಮೇಲೆ ಗಲ್ಲಿಗೆ ಮುನ್ನ ಕನಿಷ್ಠ 14 ದಿನ, ಮನೆಯವರಿಗೆ ಮುಂಚೆಯೇ ತಿಳುವಳಿಕೆ, ಕೊನೆಯ ಭೇಟಿ. ಅಂದು 15 ಮಂದಿಯ ಗಲ್ಲು ರದ್ದಾಗಿ ಜೀವಾವಧಿಯಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ಪಾಲಾರ್ ಸ್ಫೋಟದ (ವೀರಪ್ಪನ್ ತಂಡದ ನೆಲಬಾಂಬ್ ಪ್ರಕರಣ) ನಾಲ್ವರೂ ಅದರಲ್ಲಿದ್ದರು.

ಒಂಟಿ ಸೆಲ್ಲಿಗೆ ಹಾಕಿದರೆ ಅಂದಿನಿಂದಲೇ ತಾರೀಖು ಬರೆದಿಡಿ. ಕ್ಷಮಾದಾನ ಅರ್ಜಿ ಬಾಕಿ ಇರುವಾಗ ಅದು ಅಕ್ರಮ. ಹಿಂಡಲಗಾದಲ್ಲೇ 2006ರಿಂದ 2016ರವರೆಗೆ ಒಂಟಿಯಾಗಿಟ್ಟಿದ್ದ ಕೈದಿಯೊಬ್ಬರ ಗಲ್ಲನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಜೀವಾವಧಿಗೆ ಇಳಿಸಿತು. ಇಂಥದ್ದನ್ನು ಹುಡುಕಿ ತೆಗೆಯುವ ವಕೀಲರು ಸಿಕ್ಕರೆ ಐದಕ್ಕೆ ಐದು, ಇಲ್ಲವಾದರೆ ಎರಡು.

ಕೊನೆಯ ಭೇಟಿಗೆ ಜಾಲರಿ ಇಲ್ಲದ ಕೋಣೆ ಬೇಕೆಂದು ಮೊದಲೇ ಬರವಣಿಗೆಯಲ್ಲಿ ಕೇಳಿಡಿ.