'ಐದು ಕಿಲೊ ತಡೀತೈತ್ರಿ' ಅಂದರೆ ನಂಬಬೇಡಿ: ಸ್ಪೀಕರ್ ಸ್ಟ್ಯಾಂಡ್ ಒಯ್ಯುವ ಮುಂಚೆ ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗೆ 5.1 ಸ್ಪೀಕರ್ ಸೆಟ್ (ಸುತ್ತಲೂ ಐದು ಸ್ಪೀಕರ್, ಜೊತೆಗೆ ಬಾಸ್‌ಗೆ ಒಂದು ಬಾಕ್ಸ್) ಹಾಕಿಸಬೇಕು ಅಂತಿರುವವರು, ಅದರಲ್ಲೂ ಮನೆಯಲ್ಲಿ ಹಿರಿಯರು, ಸಣ್ಣ ಮಕ್ಕಳು ಇರುವವರು ದಯವಿಟ್ಟು ಇದನ್ನು ಓದಿ. ಸ್ಪೀಕರ್ ಬಗ್ಗೆ ಎಲ್ಲರೂ ಹತ್ತು ಕಡೆ ವಿಚಾರಿಸುತ್ತಾರೆ. ಸ್ಟ್ಯಾಂಡ್ ವಿಷಯಕ್ಕೆ ಬಂದರೆ ಅಂಗಡಿಯವರ ಮಾತೇ ಕೊನೆ. ನಮ್ಮ ಮನೆಯಲ್ಲಿ ಅಂಥ ಒಂದು ಸ್ಟ್ಯಾಂಡ್ ಉರುಳಿ ಅವ್ವನ ಕಾಲ್ಬೆರಳಿನ ಎಲುಬು ಮುರಿಯಿತು.

ಈ ಸೆಟ್‌ನಲ್ಲಿ ಸೋಫಾದ ಹಿಂಬದಿಗೆ ಬರುವ ಎರಡು ಸ್ಪೀಕರ್‌ಗೆ ಅಂತ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಸ್ಟ್ಯಾಂಡ್ ತೆಗೆದುಕೊಂಡೆವು. ಎತ್ತರ ಹೆಚ್ಚು ಕಡಿಮೆ ಮಾಡುವ ಸಣ್ಣ ಪೈಪು, ಕೆಳಗೆ ಹತ್ತು ಇಂಚಿನ ದುಂಡನೆಯ ತಗಡು. "ಗಟ್ಟಿ ಐತೇನ್ರಿ? ಮನ್ಯಾಗ ವಯಸ್ಸಾದವರದಾರ" ಅಂತ ಕೇಳಿದೆ. "ಏನೂ ಚಿಂತಿ ಮಾಡಬ್ಯಾಡ್ರಿ ಸರ್, ಐದು ಕಿಲೊ ತಡೀತೈತ್ರಿ, ಬಾಕ್ಸ್ ಮ್ಯಾಲೇ ಬರದೈತಿ ನೋಡ್ರಿ" ಅಂದರು. ಬರೆದಿತ್ತು, ನಿಜ.

ಒಂದು ಸಂಜೆ ಕರೆಂಟ್ ಹೋಯಿತು. ಅವ್ವ ಸೋಫಾದಿಂದ ಏಳುವಾಗ ಆಸರೆಗೆ ಅಂತ ಕೈ ಚಾಚಿ ಆ ಪೈಪು ಹಿಡಿದಳು. ಸ್ಟ್ಯಾಂಡ್ ಸಮೇತ ಸ್ಪೀಕರ್ ಅವಳ ಪಾದದ ಮೇಲೆ ಬಿತ್ತು. ಅವಳಿಗೆ ಶುಗರ್ ಬೇರೆ ಇದೆ. ಶುಗರ್ ಇದ್ದವರಿಗೆ ಪಾದದ ಗಾಯ ಎಷ್ಟು ಕಾಡುತ್ತದೆ ಅಂತ ಅಂಥವರನ್ನು ನೋಡಿಕೊಂಡವರಿಗೆ ಗೊತ್ತು. ಅಂಗಡಿಗೆ ಹೋಗಿ ಹೇಳಿದರೆ, "ಅದನ್ನ ಹಿಡ್ಕೊಂಡ್ರ ಬೀಳೂದ ಅಲ್ರಿ ಮತ್ತ? ಅದಕ್ಕ ವಾರಂಟಿ ಬರಂಗಿಲ್ರಿ" ಅಂದರು. ಕೊಡುವಾಗ ಈ ಮಾತು ಯಾಕೆ ಹೇಳಲಿಲ್ಲ?

ಬಾಕ್ಸ್ ಮೇಲಿನ ಐದು ಕಿಲೊ ಅಂದರೆ ಮೇಲಿಂದ ನೇರ ಕೆಳಕ್ಕೆ ಬೀಳುವ ಭಾರ. ಅಷ್ಟು ಭಾರಕ್ಕೆ ಪೈಪು ಬಾಗುವುದಿಲ್ಲ ಅಂತ ಮಾತ್ರ ಅದರ ಅರ್ಥ. ಪಕ್ಕದಿಂದ ತಳ್ಳಿದರೆ ಏನಾಗುತ್ತದೆ ಅಂತ ಆ ಅಂಕಿ ಹೇಳುವುದೇ ಇಲ್ಲ. ಲೆಕ್ಕ ಸುಲಭ ಇದೆ. ನಮ್ಮ ಸ್ಪೀಕರ್ 4 ಕಿಲೊ, ಸ್ಟ್ಯಾಂಡ್ 2 ಕಿಲೊ, ಒಟ್ಟು 6. ಪೈಪಿನಿಂದ ತಗಡಿನ ಅಂಚಿಗೆ 5 ಇಂಚು. ಕೈ ತಾಗುವ ಎತ್ತರ ಸುಮಾರು 40 ಇಂಚು. ಆರನ್ನು ಐದರಿಂದ ಗುಣಿಸಿ ನಲವತ್ತರಿಂದ ಭಾಗಿಸಿ: ಮುಕ್ಕಾಲು ಕಿಲೊ. ಒಂದು ಲೀಟರ್ ನೀರಿನ ಬಾಟಲಿಯ ಭಾರಕ್ಕಿಂತ ಕಡಿಮೆ ಒತ್ತಿದರೂ ಅದು ಉರುಳುತ್ತದೆ. ಅಂಬೆಗಾಲಿಡುವ ಕೂಸು ಹಿಡಿದು ನಿಂತರೂ ಸಾಕು. ಮೂರು ಕಾಲಿನ ಸ್ಟ್ಯಾಂಡ್ ಇನ್ನೂ ಮೋಸ. ಎರಡು ಕಾಲುಗಳ ನಡುವಿನ ಕಡೆಗೆ ವಾಲಿದರೆ, ಕಾಲಿನ ಉದ್ದದ ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಈ ಹಿಂಬದಿಯ ಸ್ಪೀಕರ್‌ಗಳು ಇರುವ ಜಾಗವೂ ಕೈ ಕಾಲು ತಾಗುವಂಥದ್ದೇ. ಕೂತವರ ಪಕ್ಕಕ್ಕೆ ಸ್ವಲ್ಪ ಹಿಂದೆ, ಟಿವಿ ದಿಕ್ಕಿನಿಂದ 110ರಿಂದ 120 ಡಿಗ್ರಿಯಲ್ಲಿ, ಕಿವಿಯ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲಕ್ಕೆ ಇಡಬೇಕು. ಅಂದರೆ ಸೋಫಾದ ಪಕ್ಕದಲ್ಲೇ, ಜನ ಓಡಾಡುವ ದಾರಿಯಲ್ಲೇ.

"ಪೈಪಿಗೆ ಉಸುಕು ತುಂಬ್ರಿ, ಭಾರ ಆಗ್ತೈತಿ" ಅಂತಲೂ ಕೆಲವರು ಹೇಳುತ್ತಾರೆ. ಇದು ದಪ್ಪ ಪೈಪಿಗೆ ಸರಿ. ಮೂರು ಇಂಚಿನ ಪೈಪು ಎರಡು ಅಡಿ ಇದ್ದರೆ ನಾಲ್ಕು ಕಿಲೊದಷ್ಟು ಉಸುಕು ಹಿಡಿಯುತ್ತದೆ. ಒಂದು ಇಂಚಿನ ಪೈಪಿಗೆ ಅರ್ಧ ಕಿಲೊ ಹಿಡಿದರೆ ಹೆಚ್ಚು. ಭಾರ ಬೇಕಾಗಿರುವುದು ನೆಲಕ್ಕೆ ಹತ್ತಿರ. ತುಂಬುವುದಾದರೆ ಬಿಸಿಲಿಗೆ ಚೆನ್ನಾಗಿ ಒಣಗಿಸಿದ ಉಸುಕೇ ಆಗಬೇಕು, ಹಸಿ ಇದ್ದರೆ ಪೈಪು ಒಳಗೇ ತುಕ್ಕು ಹಿಡಿಯುತ್ತದೆ.

ಕೆಳಗೆ ಚೂಪು ಮೊಳೆಯಂಥ ಕಾಲು ಇರುವ ಸ್ಟ್ಯಾಂಡೂ ಸಿಗುತ್ತವೆ. ಅವು ದಪ್ಪ ಕಾರ್ಪೆಟ್ ಹಾಸಿದ ಮನೆಗೆ. ನಮ್ಮ ಕಡೆಯ ಟೈಲ್ಸ್, ಗ್ರಾನೈಟ್ ನೆಲದ ಮೇಲೆ ಜಾರುತ್ತವೆ, ಗೀರು ಬೇರೆ. ರಬ್ಬರ್ ಹಾಕಿಸಿ.

ಆಮೇಲೆ ನಾವು ಗೋಕುಲ ರಸ್ತೆ ಕಡೆಯ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಹೊಸದು ಮಾಡಿಸಿದೆವು. ತಳಕ್ಕೆ 14 ಇಂಚು ಚೌಕದ, 6 ಎಂಎಂ ದಪ್ಪದ ಕಬ್ಬಿಣದ ಪ್ಲೇಟ್. ಅದೊಂದೇ 6 ಕಿಲೊ ಇದೆ. ನಡುವೆ ಚೌಕ ಪೈಪು, ಮೇಲೆ ಸ್ಪೀಕರ್ ತಳದಷ್ಟೇ ಅಗಲದ ತಟ್ಟೆ, ಅದಕ್ಕೆ ಸ್ಪೀಕರ್ ಬೋಲ್ಟ್ ಹಾಕಿ ಬಿಗಿದಿದ್ದೇವೆ. ಒಟ್ಟು 12 ಕಿಲೊ, ಅಂಚಿಗೆ 7 ಇಂಚು. ಮೊದಲಿನ ಲೆಕ್ಕವನ್ನೇ ಹಾಕಿದರೆ ಈಗ ಉರುಳಿಸಲು ಎರಡು ಕಿಲೊಗಿಂತ ಜಾಸ್ತಿ ಒತ್ತಬೇಕು. ಮೊದಲಿನದಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಮೂರು ಪಟ್ಟು ಆಯಿತು. ಆದರೂ ಒಬ್ಬ ಮನುಷ್ಯ ಭಾರ ಬಿಟ್ಟು ಹಿಡಿದರೆ ಇದೂ ನಿಲ್ಲುವುದಿಲ್ಲ. ಅದಕ್ಕೇ ಸ್ಟ್ಯಾಂಡ್‌ನ ಮೇಲ್ತುದಿಯನ್ನು ಪಟ್ಟಿ ಹಾಕಿ ಗೋಡೆಗೆ ಕಟ್ಟಿದ್ದೇವೆ.

ಸ್ಪೀಕರ್ ಹತ್ತಿರ ಇಟ್ಟಂಗಿ ಗೋಡೆ ಇದ್ದರೆ ಸ್ಟ್ಯಾಂಡೇ ಬೇಡ, ಗೋಡೆಗೆ ಬ್ರಾಕೆಟ್ ಹೊಡೆಸಿ ಅಂತಲೇ ನಾನು ಹೇಳುತ್ತೇನೆ. ಧಾರವಾಡದ ಹಳೇ ಮಣ್ಣಿನ ಗೋಡೆಯ ಮನೆಗಳಲ್ಲಿ ಮಾತ್ರ ಇದು ಬೇಡ. ಆ ಗೋಡೆಯಲ್ಲಿ ಸ್ಕ್ರೂ ಹಿಡಿಯುವುದಿಲ್ಲ, ಮಣ್ಣಿನ ಜೊತೆ ಕಿತ್ತು ಬರುತ್ತದೆ.

ವೈರ್ ಒಂದು ನೋಡಿಕೊಳ್ಳಿ. ಸ್ಪೀಕರ್‌ನಿಂದ ಸುಮ್ನೆ ಇಳಿಬಿಟ್ಟ ವೈರಿಗೆ ಕಾಲು ಸಿಕ್ಕಿದರೆ ಎಳೆತ ಮೇಲಿನ ತುದಿಗೇ ಹೋಗುತ್ತದೆ. ಪೈಪಿನ ಬುಡದಲ್ಲಿ ಟೈ ಹಾಕಿ ಬಿಗಿದರೆ ಎಳೆತ ಕೆಳಗೇ ನಿಲ್ಲುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮ ಸ್ಪೀಕರ್ ಒಯ್ಯಿರಿ. ಸ್ಟ್ಯಾಂಡ್ ಮೇಲೆ ಇಟ್ಟು, ಪೈಪನ್ನು ಬೇಕಾದಷ್ಟು ಎತ್ತರಕ್ಕೆ ಏರಿಸಿ, ಬಿದ್ದರೆ ಹಿಡಿಯಲು ಒಂದು ಕೈಯನ್ನು ಸ್ಟ್ಯಾಂಡ್‌ನ ಆಚೆ ಬದಿಗೆ ಅಡ್ಡ ಇಟ್ಟುಕೊಂಡು ಇನ್ನೊಂದು ಕೈಯ ಒಂದೇ ಬೆರಳಿನಿಂದ ಮೇಲ್ತುದಿಯನ್ನು ಎಲ್ಲ ದಿಕ್ಕಿಗೂ ತಳ್ಳಿ ನೋಡಿ. ಹೀಗೆ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.